ಮದುವೆ ಡಿವಿಡಿ ನೂರು ವರ್ಷ ಬಾಳುತ್ತದೆಯೇ? ರೆಕಾರ್ಡರ್, ಹಾರ್ಡ್ ಡಿಸ್ಕ್ ಮತ್ತು ಮನೆಯ ನೆನಪುಗಳು

"ಹಳೇ ಕ್ಯಾಸೆಟ್ ಎಲ್ಲಾ ಡಿವಿಡಿಗೆ ಹಾಕಿಸಿಬಿಡಿ, ನೂರು ವರ್ಷ ಚಿಂತೆಯಿಲ್ಲ." "ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಎಂದೂ ಅಳಿಯುವುದಿಲ್ಲ." "ಡಿವಿಡಿ ನಿಂತು ನಿಂತು ಓಡಿದರೆ ಟೂತ್‌ಪೇಸ್ಟ್ ಹಚ್ಚಿ." "ಕೆಟ್ಟ ಹಾರ್ಡ್ ಡಿಸ್ಕನ್ನು ಒಂದು ರಾತ್ರಿ ಫ್ರಿಜ್‌ನಲ್ಲಿಡಿ, ಸರಿಹೋಗುತ್ತದೆ."

ಇಂಥ ಸಲಹೆಗಳು ಫ್ಯಾಮಿಲಿ ಗ್ರೂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಕಳುಹಿಸುವವರ ಉದ್ದೇಶ ಒಳ್ಳೆಯದೇ. ಆದರೆ ಇವುಗಳಲ್ಲಿ ಕೆಲವನ್ನು ನಂಬಿ ನಡೆದರೆ ಕಳೆದುಕೊಳ್ಳುವುದು ಹಣವನ್ನಲ್ಲ. ಮತ್ತೆ ಕೊಳ್ಳಲು ಸಿಗದ ಒಂದು ದನಿಯನ್ನು, ಒಂದು ಮುಖವನ್ನು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಮೇಲಿರುವ ಮೂರು ಊರುಗಳು. ಈ ಭಾಗದ ಮನೆಗಳ ಅಲ್ಮೇರಾ ತೆರೆದರೆ ರೇಷ್ಮೆ ಸೀರೆಗಳ ಕೆಳಗೆ ಒಂದು ಪ್ಲಾಸ್ಟಿಕ್ ಡಬ್ಬಿ ಸಿಗುವುದು ಅಪರೂಪವಲ್ಲ. ಅದರಲ್ಲಿ ಮದುವೆ, ಸೀಮಂತ, ಗೃಹಪ್ರವೇಶದ ಡಿವಿಡಿಗಳಿರುತ್ತವೆ. ಕೆಲವು ಮನೆಗಳಲ್ಲಿ ಅದರ ಪಕ್ಕ ಧೂಳು ಹಿಡಿದ ಡಿವಿಡಿ ರೆಕಾರ್ಡರ್ ಕೂಡ ಇರುತ್ತದೆ. ಒಳಗೇ ಹಾರ್ಡ್ ಡಿಸ್ಕ್ ಇರುವ, ಒಂದು ಕಾಲಕ್ಕೆ ಬಹಳ ದುಬಾರಿಯಾಗಿದ್ದ ಯಂತ್ರ. "ಎಲ್ಲಾ ಅದರಲ್ಲೇ ಇದೆ" ಎಂದು ಮನೆಯವರು ನೆಮ್ಮದಿಯಾಗಿರುತ್ತಾರೆ. ಆ ನೆಮ್ಮದಿಗೆ ಎಷ್ಟು ಆಧಾರವಿದೆ? ನೋಡೋಣ.

ನಮ್ಮ ಮನೆಯಲ್ಲಿ ಆಗಿದ್ದು

ಮೊದಲು ನಮ್ಮದೇ ಕಥೆ. ಲಿಂಗಸುಗೂರು ತಾಲ್ಲೂಕಿನ ನಮ್ಮ ಸಂಬಂಧಿಕರ ಮನೆಗೆ 2008ರಲ್ಲಿ ಹಾರ್ಡ್ ಡಿಸ್ಕ್ ಇರುವ ಡಿವಿಡಿ ರೆಕಾರ್ಡರ್ ಬಂತು. ಧಾರಾವಾಹಿ, ಕ್ರಿಕೆಟ್, ಹಬ್ಬದ ದಿನದ ಸಿನಿಮಾ ಎಲ್ಲವೂ ಅದರೊಳಗೆ ಸೇರಿದವು. ಕ್ಯಾಮೆರಾದ ವಯರನ್ನು ಅದಕ್ಕೇ ಚುಚ್ಚಿ ಮೂರು ಮದುವೆಗಳ ವಿಡಿಯೊವನ್ನೂ ಹಾಕಿದೆವು. ಒಂದು ಮದುವೆಯಲ್ಲಿ ನಮ್ಮ ಅಜ್ಜಿ ಅರಿಶಿನ ಹಚ್ಚುವಾಗ ಕೂತು ಹಾಡಿದ ಸೋಬಾನೆ ಪದಗಳಿದ್ದವು. ಅಜ್ಜಿಯ ದನಿ ಬೇರೆಲ್ಲೂ ದಾಖಲಾಗಿರಲಿಲ್ಲ.

ಅಜ್ಜಿ ತೀರಿಕೊಂಡ ಕೆಲ ವರ್ಷಗಳ ನಂತರ ಯಂತ್ರ "ಟಿಕ್ ಟಿಕ್" ಎನ್ನಲು ಶುರು ಮಾಡಿತು. ರಿಪೇರಿಗೆ ಕೊಟ್ಟೆವು. "ಹಾರ್ಡ್ ಡಿಸ್ಕ್ ಹೋಗಿತ್ತು, ಹೊಸದು ಹಾಕಿದೀವಿ, ಈಗ ಪಕ್ಕಾ ಇದೆ" ಎಂದು ವಾಪಸು ಕೊಟ್ಟರು. ಯಂತ್ರ ಪಕ್ಕಾ ಇತ್ತು. ಒಳಗೆ ಏನೂ ಇರಲಿಲ್ಲ. ಹಳೆಯ ಡಿಸ್ಕ್ ಎಲ್ಲಿ ಎಂದು ಕೇಳುವ ಹೊತ್ತಿಗೆ ಅದು ಗುಜರಿ ಸೇರಿತ್ತು. ಅವರನ್ನು ದೂರಲು ನಮಗೆ ಕಾರಣವಿಲ್ಲ. ನಾವು ಹೇಳಿದ್ದು "ಯಂತ್ರ ಸರಿಮಾಡಿ" ಎಂದೇ ಹೊರತು "ಒಳಗಿರುವುದನ್ನು ಉಳಿಸಿ" ಎಂದಲ್ಲ.

ಪುಣ್ಯಕ್ಕೆ ಆ ಮದುವೆಯನ್ನು ಒಂದೇ ಒಂದು ಡಿವಿಡಿಗೆ ಇಳಿಸಿದ್ದರು. ಹುಡುಕಿ ತೆಗೆದು ಕಂಪ್ಯೂಟರಿಗೆ ಹಾಕಿದಾಗ ಮುಕ್ಕಾಲು ಭಾಗ ಓದಿತು, ಕೊನೆಯ ಭಾಗ ಓದಲಿಲ್ಲ. ಅಜ್ಜಿಯ ಮೂರು ಹಾಡುಗಳಲ್ಲಿ ಒಂದು ಸಿಕ್ಕಿತು. ಉಳಿದೆರಡು ಹೋದವು. ಇದು ಏಕೆ ಆಯಿತು ಎಂದು ತಿಳಿಯಲು ಹೊರಟಾಗ ಸಿಕ್ಕ ವಿಷಯಗಳೇ ಈ ಲೇಖನ.

ಟಿವಿ ಬಂತು, ಉಳಿಸುವ ದಾರಿ ಇರಲಿಲ್ಲ

ರಾಯಚೂರು ಜಿಲ್ಲೆಗೂ ಟಿವಿಗೂ ಹಳೆಯ ನಂಟಿದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಭಾರತ 'ಸೈಟ್' ಎಂಬ ಉಪಗ್ರಹ ಟಿವಿ ಪ್ರಯೋಗ ನಡೆಸಿತು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಆಯ್ಕೆಯಾದ ಜಿಲ್ಲೆಗಳು ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾಗಿದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಮೊದಲೇ ಈ ಭಾಗದ ಕೆಲವು ಹಳ್ಳಿಗಳ ಜನ ಟಿವಿ ಮುಂದೆ ಕೂತಿದ್ದರು.

ಆದರೆ ಅಂದು ನೋಡಿದ್ದನ್ನು ಮನೆಯಲ್ಲಿ ಉಳಿಸಿಕೊಳ್ಳುವ ದಾರಿ ಯಾರಿಗೂ ಇರಲಿಲ್ಲ. ಜಪಾನಿನಲ್ಲಿ ವಿಎಚ್‌ಎಸ್ ಕ್ಯಾಸೆಟ್ ಮಾರುಕಟ್ಟೆಗೆ ಬಂದಿದ್ದೇ 1976ರಲ್ಲಿ. ಅದು ನಮ್ಮೂರುಗಳ ಮದುವೆ ಮಂಟಪಕ್ಕೆ ಬರಲು ಇನ್ನೂ ಹಲವು ವರ್ಷ ಹಿಡಿಯಿತು. ಆಮೇಲೆ ಡಿವಿಡಿ ಬಂತು, ಅದರ ಹಿಂದೆ ರೆಕಾರ್ಡರ್. ಹೊಸ ಸಾಧನ ಬಂದಾಗಲೆಲ್ಲ "ಇನ್ನು ಇದು ಶಾಶ್ವತ" ಎಂಬ ಮಾತೂ ಜೊತೆಗೇ ಬಂತು.

ಈ ಯಂತ್ರ ಮಾಡುವುದೇನು?

ಹಾರ್ಡ್ ಡಿಸ್ಕ್ ಇರುವ ಡಿವಿಡಿ ರೆಕಾರ್ಡರ್ ಅಂದರೆ ಒಂದೇ ಡಬ್ಬಿಯಲ್ಲಿ ಎರಡು ಯಂತ್ರ. ಹಿಂಬದಿಯ ಹಳದಿ, ಕೆಂಪು, ಬಿಳಿ ತೂತುಗಳಿಗೆ ವಿಸಿಆರ್, ಕ್ಯಾಮೆರಾ ಅಥವಾ ಸೆಟ್ ಟಾಪ್ ಬಾಕ್ಸ್ ಜೋಡಿಸಿದರೆ ಬರುವ ಚಿತ್ರವನ್ನು ಅದು ಎಂಪೆಗ್-2 ಎಂಬ ರೂಪಕ್ಕೆ ಕುಗ್ಗಿಸಿ ಹಾರ್ಡ್ ಡಿಸ್ಕ್‌ಗೆ ಬರೆಯುತ್ತದೆ. ಅಲ್ಲಿ ಬೇಡದ ಜಾಹೀರಾತು ಕತ್ತರಿಸಬಹುದು, ಭಾಗ ಮಾಡಬಹುದು. ನಂತರ ಡಿವಿಡಿಗೆ ಇಳಿಸಬಹುದು.

ಇಲ್ಲಿ ಮೊದಲ ಗೊಂದಲ ರೆಕಾರ್ಡಿಂಗ್ ಮೋಡ್‌ನದು. ಸಾಮಾನ್ಯ ಡಿವಿಡಿಯ ಸಾಮರ್ಥ್ಯ 4.7 ಜಿಬಿ. ಎಸ್‌ಪಿ ಮೋಡ್‌ನಲ್ಲಿ ಇದಕ್ಕೆ ಎರಡು ಗಂಟೆ ಹಿಡಿಸುತ್ತದೆ, ಎಕ್ಸ್‌ಪಿಯಲ್ಲಿ ಒಂದು ಗಂಟೆ, ಎಲ್‌ಪಿಯಲ್ಲಿ ನಾಲ್ಕು ಗಂಟೆ, ಇಪಿಯಲ್ಲಿ ಆರರಿಂದ ಎಂಟು ಗಂಟೆ. "ಎಂಟು ಗಂಟೆ ಹಿಡಿಸುತ್ತದೆ" ಎಂಬುದನ್ನು ಲಾಭ ಎಂದುಕೊಂಡವರೇ ಹೆಚ್ಚು. ಆದರೆ ಡಿಸ್ಕ್‌ನ ಜಾಗ ಅಷ್ಟೇ. ಎಂಟು ಗಂಟೆ ತುರುಕಿದರೆ ಪ್ರತಿ ಕ್ಷಣಕ್ಕೆ ಸಿಗುವ ಮಾಹಿತಿ ಎಸ್‌ಪಿಯ ಕಾಲು ಭಾಗ. ಮುಖಗಳು ಚೌಕ ಚೌಕವಾಗಿ ಒಡೆಯುವುದು ಅದರಿಂದಲೇ. ಹೀಗೆ ಬಿಟ್ಟುಹೋದ ವಿವರವನ್ನು ಮುಂದೆ ಯಾವ ಆ್ಯಪ್ ಕೂಡ ನಿಜವಾಗಿ ಮರಳಿ ತರಲಾರದು. ಆ್ಯಪ್‌ಗಳು ಇದ್ದಿರಬಹುದಾದುದನ್ನು ಊಹಿಸಿ ಬಿಡಿಸುತ್ತವೆ, ಅಷ್ಟೇ.

ಎರಡನೆಯದು, ಹಾರ್ಡ್ ಡಿಸ್ಕ್‌ನ ಗಾತ್ರ ತರುವ ಆಲಸ್ಯ. 160 ಜಿಬಿ ಡಿಸ್ಕ್‌ನಲ್ಲಿ ಎಸ್‌ಪಿ ಮೋಡ್‌ನಲ್ಲಿ ಸುಮಾರು 68 ಗಂಟೆ ಹಿಡಿಸುತ್ತದೆ. ಇಷ್ಟು ಜಾಗ ಇರುವಾಗ ಡಿವಿಡಿಗೆ ಇಳಿಸುವ ಗೋಜೇಕೆ ಎಂದು ಎಲ್ಲರಿಗೂ ಅನಿಸುತ್ತದೆ. ಹಾರ್ಡ್ ಡಿಸ್ಕ್ ಇರುವುದು ವಿಡಿಯೊ ಕೂಡಿಸಿ, ಕತ್ತರಿಸಿ, ಬೇರೆಡೆಗೆ ಸಾಗಿಸಲು. ಅದು ಬಸ್ ನಿಲ್ದಾಣವಿದ್ದಂತೆ, ಮನೆಯಲ್ಲ. ನಾವು ಮಾತ್ರ ನಿಲ್ದಾಣದಲ್ಲೇ ಸಂಸಾರ ಹೂಡಿದ್ದೆವು.

"ಡಿವಿಡಿ ನೂರು ವರ್ಷ ಬಾಳುತ್ತದೆ": ಅರ್ಧ ಸತ್ಯ

ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿ ಮತ್ತು ಮನೆಯಲ್ಲಿ ಅಥವಾ ಸ್ಟುಡಿಯೊದಲ್ಲಿ ಬರೆದ ಡಿವಿಡಿ ನೋಡಲು ಒಂದೇ, ಒಳಗೆ ಬೇರೆ ಬೇರೆ. ಸಿನಿಮಾ ಡಿವಿಡಿಯನ್ನು ಕಾರ್ಖಾನೆಯಲ್ಲಿ ಅಚ್ಚೊತ್ತುತ್ತಾರೆ. ಪ್ಲಾಸ್ಟಿಕ್ಕಿನಲ್ಲೇ ಸೂಕ್ಷ್ಮ ಗುಳಿಗಳು ಮೂಡಿರುತ್ತವೆ, ಮೇಲೊಂದು ಲೋಹದ ತೆಳು ಪದರ. ಮನೆಯಲ್ಲಿ ಬರೆಯುವ ಡಿವಿಡಿ-ಆರ್‌ನಲ್ಲಿ ಗುಳಿಗಳಿಲ್ಲ. ಅಲ್ಲಿರುವುದು ಸಾವಯವ ಬಣ್ಣದ ಪದರ. ರೆಕಾರ್ಡರಿನ ಕೆಂಪು ಲೇಸರ್ ಆ ಬಣ್ಣವನ್ನು ಅಲ್ಲಲ್ಲಿ ಬಿಸಿಮಾಡಿ ಬದಲಿಸುತ್ತದೆ. ಆ ಗುರುತುಗಳೇ ನಿಮ್ಮ ಮದುವೆ ವಿಡಿಯೊ.

ಬಣ್ಣ ಅಂದಮೇಲೆ ಮಾಸುವುದೂ ಇದೆ. ಬೆಳಕು, ಬಿಸಿ, ತೇವ ಮೂರೂ ಅದನ್ನು ನಿಧಾನವಾಗಿ ಕೆಡಿಸುತ್ತವೆ. ಹೊಲದಲ್ಲಿ ಹಕ್ಕಿ ಬೆದರಿಸಲು ಕಟ್ಟಿದ ಹಳೆಯ ಡಿಸ್ಕ್‌ಗಳನ್ನು ನೋಡಿದ್ದೀರಲ್ಲ, ಬಿಸಿಲಿಗೆ ಅವು ಬಣ್ಣಗೆಟ್ಟು ಪದರ ಬಿಡುತ್ತವೆ. ಅಲ್ಮೇರಾದೊಳಗೆ ನಡೆಯುವುದೂ ಅದೇ, ತುಂಬ ನಿಧಾನವಾಗಿ. ರಾಯಚೂರು ಸೀಮೆಯಲ್ಲಿ ಬೇಸಿಗೆಯ ಬಿಸಿ 40 ಡಿಗ್ರಿ ದಾಟುವುದು ಹೊಸದಲ್ಲ. ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಿ, ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಅದು ಇನ್ನೂ ಹೆಚ್ಚು.

ಹಾಗಾದರೆ "ನೂರು ವರ್ಷ" ಎಂಬ ಮಾತು ಬಂದದ್ದೆಲ್ಲಿಂದ? ತಯಾರಕರು ಡಿಸ್ಕ್‌ಗಳನ್ನು ಪ್ರಯೋಗಾಲಯದಲ್ಲಿ ಹೆಚ್ಚು ಬಿಸಿ ಮತ್ತು ತೇವದಲ್ಲಿ ಕೆಲ ವಾರ ಇಟ್ಟು, ಎಷ್ಟು ಬೇಗ ಕೆಡುತ್ತವೆ ಎಂದು ಅಳೆದು, ಸಾಮಾನ್ಯ ಕೋಣೆಯಲ್ಲಿ ಎಷ್ಟು ವರ್ಷ ಬಾಳಬಹುದು ಎಂದು ಲೆಕ್ಕ ಹಾಕುತ್ತಾರೆ. ಒಳ್ಳೆಯ ಗುಣಮಟ್ಟದ ಡಿಸ್ಕ್, ಸರಿಯಾಗಿ ಬರೆದದ್ದು, ತಂಪಾದ ಒಣ ಕತ್ತಲೆಯಲ್ಲಿ ಇಟ್ಟದ್ದು, ಈ ಮೂರೂ ಇದ್ದರೆ ಮಾತ್ರ ಆ ಲೆಕ್ಕ ಅನ್ವಯ. ಕಟ್ಟಿನಲ್ಲಿ ಬರುತ್ತಿದ್ದ ಅಗ್ಗದ ಡಿಸ್ಕ್, ಗಡಿಬಿಡಿಯಲ್ಲಿ ಬರೆದದ್ದು, ಟಿವಿ ಮೇಲೆ ಕವರಿಲ್ಲದೆ ಬಿದ್ದದ್ದು ಹತ್ತೇ ವರ್ಷದಲ್ಲಿ ಕೈಕೊಟ್ಟರೆ ಅಚ್ಚರಿಯಿಲ್ಲ. ಹೆಸರಿಲ್ಲದ ಇನ್ನೊಂದು ಡಿಸ್ಕ್ ಇಪ್ಪತ್ತು ವರ್ಷವಾದರೂ ಚೆನ್ನಾಗಿ ಓಡಬಹುದು. ಹೊರಗಿನಿಂದ ನೋಡಿ ಹೇಳಲಾಗದು ಎನ್ನುವುದೇ ತೊಂದರೆ.

ಅಜ್ಜಿಯ ಕೊನೆಯ ಹಾಡುಗಳೇ ಏಕೆ ಹೋದವು? ಡಿವಿಡಿಯಲ್ಲಿ ಬರವಣಿಗೆ ನಡುವಿನಿಂದ ಅಂಚಿನ ಕಡೆಗೆ ಸಾಗುತ್ತದೆ. ಮೊದಲು ಬರೆದದ್ದು ನಡುವಿನಲ್ಲಿ, ಕೊನೆಗೆ ಬರೆದದ್ದು ಅಂಚಿನಲ್ಲಿ. ಕೈ ತಾಗುವುದು, ಗೀರು ಬೀಳುವುದು, ತೇವ ನುಗ್ಗುವುದು ಹೆಚ್ಚಾಗಿ ಅಂಚಿಗೇ. ಮದುವೆ ಡಿವಿಡಿ ಕೊನೆಗೆ ಬರುವಾಗ ನಿಂತು ನಿಂತು ಓಡುವುದಕ್ಕೆ ಇದೇ ಸಾಮಾನ್ಯ ಕಾರಣ.

ಫೈನಲೈಸ್ ಮಾಡದ ಡಿಸ್ಕ್

ಡಿಸ್ಕ್ ಕೆಟ್ಟಿರದೆಯೂ ಓದದೇ ಇರಬಹುದು. ರೆಕಾರ್ಡರಿನಲ್ಲಿ ಬರೆದ ಡಿವಿಡಿ ಬೇರೆ ಪ್ಲೇಯರಿನಲ್ಲಿ ಓಡಬೇಕಾದರೆ ಕೊನೆಗೊಮ್ಮೆ 'ಫೈನಲೈಸ್' ಮಾಡಬೇಕು. ಪುಸ್ತಕ ಬರೆದು ಮುಗಿಸಿ ಪರಿವಿಡಿ ಹಾಕಿ ಹೊಲಿದ ಹಾಗೆ. ಇದನ್ನು ಮಾಡದಿದ್ದರೆ ಬರೆದ ಯಂತ್ರದಲ್ಲಿ ಡಿಸ್ಕ್ ಚೆನ್ನಾಗಿ ಓಡುತ್ತದೆ, ಬೇರೆಡೆ "ನೋ ಡಿಸ್ಕ್" ಅನ್ನುತ್ತದೆ. ಮನೆಯವರು "ಡಿಸ್ಕ್ ಖಾಲಿ ಇದೆ" ಅಂದುಕೊಂಡು ಎಸೆಯುತ್ತಾರೆ.

ಆದ್ದರಿಂದ ಎಸೆಯುವ ಮುನ್ನ ಡಿಸ್ಕ್‌ನ ಹೊಳೆಯುವ ಬದಿಯನ್ನು ಬೆಳಕಿಗೆ ಹಿಡಿದು ನೋಡಿ. ನಡುವಿನಿಂದ ಶುರುವಾಗಿ ಒಂದು ಉಂಗುರದವರೆಗೆ ಬಣ್ಣ ತುಸು ಬೇರೆ ಕಂಡರೆ ಅದರಲ್ಲಿ ಏನೋ ಬರೆದಿದೆ ಎಂದರ್ಥ. ಹಳೆಯ ರೆಕಾರ್ಡರ್ ಇನ್ನೂ ಬದುಕಿದ್ದರೆ ಅದರಲ್ಲೇ ಹಾಕಿ ಮೆನುವಿನಿಂದ ಫೈನಲೈಸ್ ಮಾಡಿ. ಯಂತ್ರ ಇಲ್ಲದಿದ್ದರೂ ಇಂಥ ಡಿಸ್ಕ್‌ಗಳನ್ನು ಕಂಪ್ಯೂಟರಿನಲ್ಲಿ ಓದುವ ವಿಶೇಷ ತಂತ್ರಾಂಶಗಳಿವೆ.

ಒಂದು ಎಚ್ಚರ: ಫೈನಲೈಸ್ ನಡೆಯುವಾಗ ಕರೆಂಟ್ ಹೋದರೆ ಡಿಸ್ಕ್ ಹಾಳಾಗಬಹುದು. ರೆಕಾರ್ಡಿಂಗ್ ನಡುವೆ ಹೋದರೂ ಅಷ್ಟೇ, ಏನು ಎಲ್ಲಿದೆ ಎಂಬ ಪಟ್ಟಿಯನ್ನು ಯಂತ್ರ ಕೊನೆಗೆ ಬರೆಯುವುದರಿಂದ ನಡೆಯುತ್ತಿದ್ದ ಭಾಗ ಪೂರ್ತಿ ಕಳೆದುಹೋಗಬಹುದು. ಈ ಕೆಲಸಕ್ಕೆ ಯುಪಿಎಸ್ ಇರಲಿ. ಇಲ್ಲವೇ ಕರೆಂಟ್ ಗಟ್ಟಿಯಾಗಿರುವ ಹೊತ್ತು ನೋಡಿ ಮಾಡಿ.

"ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಅಳಿಯುವುದಿಲ್ಲ": ಸುಳ್ಳು

ಹಾರ್ಡ್ ಡಿಸ್ಕ್ ಒಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಓದುವ ತಲೆ ಮುಟ್ಟದೆ ತೇಲುತ್ತದೆ. ಆ ಅಂತರ ಕೆಲವೇ ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಅದರ ಸಾವಿರಾರು ಪಟ್ಟು. ಓಡುತ್ತಿರುವಾಗ ಯಂತ್ರಕ್ಕೆ ಬಡಿದರೆ ತಲೆ ತಟ್ಟೆಗೆ ತಾಗುತ್ತದೆ, ತಾಗಿದಲ್ಲಿ ಬರವಣಿಗೆ ಕೆರೆದುಹೋಗುತ್ತದೆ.

ಇದು ಮೊದಲೇ ಸೂಚನೆ ಕೊಟ್ಟು ಕೆಡುತ್ತದೆಯೇ? ಯಾವಾಗಲೂ ಇಲ್ಲ. ಗೂಗಲ್‌ನ ಸಂಶೋಧಕರು ತಮ್ಮ ಕೇಂದ್ರಗಳಲ್ಲಿದ್ದ ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕ್‌ಗಳನ್ನು ಅಭ್ಯಾಸ ಮಾಡಿ 2007ರಲ್ಲಿ ವರದಿ ಪ್ರಕಟಿಸಿದರು. ಡಿಸ್ಕ್ ತಾನಾಗಿ ಕೊಡುವ ನಾಲ್ಕು ಮುಖ್ಯ ಎಚ್ಚರಿಕೆಗಳಲ್ಲಿ ಒಂದನ್ನೂ ಕೊಡದೆ ಕೆಟ್ಟವು, ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು. ನಮ್ಮ ಯಂತ್ರ "ಟಿಕ್ ಟಿಕ್" ಎಂದಿದ್ದೇ ದೊಡ್ಡ ಉಪಕಾರ. ಅದನ್ನು ಕೇಳಿದ ದಿನವೇ ಯಂತ್ರ ಆಫ್ ಮಾಡಬೇಕಿತ್ತು.

ಡಿವಿಡಿ ರೆಕಾರ್ಡರಿನ ಹಾರ್ಡ್ ಡಿಸ್ಕ್‌ಗೆ ಇನ್ನೊಂದು ತೊಡಕಿದೆ. ಅದನ್ನು ಬಿಚ್ಚಿ ಕಂಪ್ಯೂಟರಿಗೆ ಜೋಡಿಸಿದರೆ ವಿಂಡೋಸ್ "ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ?" ಎಂದು ಕೇಳುತ್ತದೆ. ಅಲ್ಲಿ ಏನೂ ಇಲ್ಲ ಎಂದು ಅದರ ಅರ್ಥವಲ್ಲ. ರೆಕಾರ್ಡರ್ ಕಂಪನಿಗಳು ತಮ್ಮದೇ ರೀತಿಯಲ್ಲಿ ಕಡತ ಜೋಡಿಸುತ್ತಿದ್ದವು, ಅದು ವಿಂಡೋಸ್‌ಗೆ ಅರ್ಥವಾಗುವುದಿಲ್ಲ. ಆಗ "ಹೌದು" ಒತ್ತಬೇಡಿ. ಡಿಟಿಎಚ್ ರೆಕಾರ್ಡರ್ ಬಾಕ್ಸ್‌ಗಳಲ್ಲಿ ಬೀಗ ಇನ್ನೂ ಗಟ್ಟಿ. ಉದಾಹರಣೆಗೆ, 2008ರಲ್ಲಿ ಬಂದ ಟಾಟಾ ಸ್ಕೈ ಪ್ಲಸ್‌ನಂಥ ಬಾಕ್ಸ್‌ಗಳಲ್ಲಿ ರೆಕಾರ್ಡ್ ಆದದ್ದು ಗೂಢಲಿಪಿಯಲ್ಲಿ ಇರುತ್ತದೆ, ಆ ಬಾಕ್ಸ್ ಬಿಟ್ಟು ಬೇರೆಡೆ ಓಡುವುದಿಲ್ಲ.

ಅಳಿಸಿ ಮೇಲೆ ಬರೆಯುವ ಅಪಾಯವೂ ಇದೆ. ಜಾಗ ತುಂಬಿತೆಂದು ಗಡಿಬಿಡಿಯಲ್ಲಿ ಹಳೆಯದನ್ನು ಅಳಿಸುವುದು ನಮ್ಮ ಮನೆಗಳಲ್ಲಿ ಮಾತ್ರವಲ್ಲ. ಮನುಷ್ಯ ಚಂದ್ರನ ಮೇಲೆ ನಡೆದ 1969ರ ಅಪೋಲೊ 11 ಯಾನದ ಮೂಲ ಟೇಪುಗಳನ್ನು ಬೇರೆ ಕೆಲಸಕ್ಕೆ ಅಳಿಸಿ ಮರುಬಳಕೆ ಮಾಡಿರುವ ಸಾಧ್ಯತೆಯೇ ಹೆಚ್ಚು ಎಂದು ನಾಸಾ 2009ರಲ್ಲಿ ಹೇಳಿತು. ಟಿವಿಯಲ್ಲಿ ಪ್ರಸಾರವಾದ ಪ್ರತಿಗಳು ಬೇರೆಡೆ ಇದ್ದುದರಿಂದ ನಾವು ಇಂದು ಆ ದೃಶ್ಯ ನೋಡುತ್ತಿದ್ದೇವೆ. ಉಳಿಸಿದ್ದು ಮೂಲವಲ್ಲ, ಪ್ರತಿ.

ಇನ್ನು ಕೆಲವು ಫಾರ್ವರ್ಡ್‌ಗಳು

ಟೂತ್‌ಪೇಸ್ಟ್: ಇದರಲ್ಲಿ ಸ್ವಲ್ಪ ಸತ್ಯವಿದೆ, ಅಪಾಯ ಹೆಚ್ಚಿದೆ. ಪೇಸ್ಟ್‌ನಲ್ಲಿರುವ ನುಣುಪಾದ ಪುಡಿ ಮೇಲ್ಮೈಯ ಸಣ್ಣ ಗೀರನ್ನು ತಿಕ್ಕಿ ಸವೆಸಬಹುದು. ಹೊಸ ಗೀರನ್ನೂ ಹಾಕಬಹುದು. ಬಣ್ಣ ಮಾಸಿದ ಡಿಸ್ಕ್‌ಗಂತೂ ಇದರಿಂದ ಏನೂ ಪ್ರಯೋಜನವಿಲ್ಲ, ಏಕೆಂದರೆ ಡಿವಿಡಿಯ ಬರವಣಿಗೆ ಇರುವುದು ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ. ಕೊಳೆ ಇದ್ದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಸುತ್ತಲೂ ಬಿದ್ದ ಗೀರು ಒಂದೇ ಸಾಲಿನ ಉದ್ದಕ್ಕೂ ಹರಡುತ್ತದೆ, ಅದನ್ನು ಪ್ಲೇಯರ್ ಸರಿಪಡಿಸಿಕೊಳ್ಳಲಾರದು.

ಫ್ರಿಜ್: ಬೇಡವೇ ಬೇಡ. ತಂಪಾದ ಡಿಸ್ಕನ್ನು ಹೊರಗೆ ತೆಗೆದಾಗ ನೀರಿನ ಲೋಟದ ಹೊರಗೆ ಹನಿ ಕೂತಂತೆ ತೇವ ಕೂರುತ್ತದೆ. ಆ ತೇವದಲ್ಲಿ ತಟ್ಟೆ ತಿರುಗಿದರೆ ಉಳಿದಿದ್ದೂ ಹೋಗಬಹುದು. ದತ್ತಾಂಶ ಮರಳಿ ತೆಗೆಯುವ ತಜ್ಞರ ಕೆಲಸವೂ ಕಷ್ಟವಾಗುತ್ತದೆ.

ಅಯಸ್ಕಾಂತ: ಸ್ಪೀಕರ್ ಪಕ್ಕ ಇಟ್ಟರೆ ಡಿವಿಡಿ ಅಳಿಯುತ್ತದೆ ಎಂಬುದು ಸುಳ್ಳು. ಡಿವಿಡಿಯದು ಬೆಳಕಿನ ಬರವಣಿಗೆ. ವಿಎಚ್‌ಎಸ್ ಮತ್ತು ಮಿನಿ ಡಿವಿ ಕ್ಯಾಸೆಟ್‌ಗಳು ಮಾತ್ರ ಕಾಂತೀಯ ಟೇಪುಗಳು, ಅವನ್ನು ದೊಡ್ಡ ಸ್ಪೀಕರಿನಿಂದ ದೂರ ಇಡಿ.

"ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುವುದೇ ಅಪರಾಧ": ಹಾಗಲ್ಲ. ಪ್ರಸಾರವನ್ನು ಸ್ವಂತ ಖಾಸಗಿ ಬಳಕೆಗೆ ದಾಖಲಿಸಿಕೊಳ್ಳುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಮು ವಿನಾಯಿತಿ ಕೊಡುತ್ತದೆ. ಅದನ್ನು ಪ್ರತಿ ಮಾಡಿ ಮಾರುವುದು, ಗ್ರೂಪಿನಲ್ಲಿ ಹಂಚುವುದು ಬೇರೆ ವಿಷಯ.

"ಡಿಲೀಟ್ ಮಾಡಿದರೆ ಪೂರ್ತಿ ಹೋಯಿತು": ಡಿಲೀಟ್ ಮಾಡಿದಾಗ ಹಾರ್ಡ್ ಡಿಸ್ಕ್‌ನಲ್ಲಿ ಅಳಿಯುವುದು ಸಾಮಾನ್ಯವಾಗಿ ಪಟ್ಟಿಯಲ್ಲಿನ ಹೆಸರು ಮಾತ್ರ. ಅದರ ಮೇಲೆ ಬೇರೆ ಬರೆಯುವವರೆಗೆ ವಿಡಿಯೊ ಅಲ್ಲೇ ಇರುತ್ತದೆ. ಇದಕ್ಕೆ ಎರಡು ಮುಖ. ಕೈತಪ್ಪಿ ಅಳಿಸಿದರೆ ಯಂತ್ರವನ್ನು ತಕ್ಷಣ ನಿಲ್ಲಿಸಿ, ಮರಳಿ ಸಿಗುವ ಅವಕಾಶವಿದೆ. ಹಳೆಯ ಯಂತ್ರ ಗುಜರಿಗೆ ಹಾಕುವಾಗ ಮನೆಯ ಹೆಣ್ಣುಮಕ್ಕಳ, ಮಕ್ಕಳ ವಿಡಿಯೊ ಬೇರೆಯವರ ಕೈಗೆ ಸಿಗುವ ಅವಕಾಶವೂ ಇದೆ. ಹಾರ್ಡ್ ಡಿಸ್ಕ್ ತೆಗೆದಿಟ್ಟುಕೊಂಡೇ ಯಂತ್ರ ಕೊಡಿ.

ಮಸ್ಕಿಯ ಬಂಡೆ ಹೇಳುವ ಎರಡು ಪಾಠ

"ಕಲ್ಲಿನಲ್ಲಿ ಬರೆದಿದ್ದರೆ ಉಳಿಯುತ್ತಿತ್ತು" ಎಂದು ನೀವು ಹೇಳಬಹುದು. ಅದಕ್ಕೆ ಉತ್ತರ ಇದೇ ರಸ್ತೆಯ ಮೇಲಿದೆ. ಮಸ್ಕಿಯಲ್ಲಿ ಅಶೋಕನ ಕಿರು ಶಾಸನವಿದೆ, ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಹಳೆಯದು. ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಅದನ್ನು ಕಂಡರು. ಅಲ್ಲಿಯವರೆಗೆ ಇತರ ಶಾಸನಗಳಲ್ಲಿ ಸಿಕ್ಕಿದ್ದು 'ದೇವಾನಾಂಪ್ರಿಯ' ಎಂಬ ಬಿರುದು. ಆ ರಾಜ ಅಶೋಕನೇ ಎಂದು ಹೆಸರು ಹೇಳಿ ಖಚಿತಪಡಿಸಿದ್ದು ಮಸ್ಕಿಯ ಬಂಡೆ.

ಆದರೆ ಅಷ್ಟು ಗಟ್ಟಿ ಕಲ್ಲಿನ ಮೇಲಿನ ಸಾಲುಗಳೂ ಪೂರ್ತಿ ಉಳಿದಿಲ್ಲ, ಅಲ್ಲಲ್ಲಿ ಅಕ್ಷರ ಒಡೆದಿವೆ. ಹಾಗಿದ್ದೂ ವಿದ್ವಾಂಸರು ಅದನ್ನು ಓದಿ ಅರ್ಥ ಮಾಡಿಕೊಂಡದ್ದು ಹೇಗೆ? ಅದೇ ಸಂದೇಶದ ಪ್ರತಿಗಳನ್ನು ಅಶೋಕ ಬೇರೆ ಬೇರೆ ಊರುಗಳಲ್ಲಿ ಬರೆಸಿದ್ದ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೆಗೊಳ, ಹೀಗೆ. ಒಂದು ಕಡೆ ಅಳಿಸಿದ್ದನ್ನು ಇನ್ನೊಂದು ಕಡೆಯಿಂದ ತುಂಬಿಕೊಳ್ಳಬಹುದು. ಮೊದಲ ಪಾಠ: ಗಟ್ಟಿ ವಸ್ತುವಿಗಿಂತ ಹೆಚ್ಚು ಪ್ರತಿಗಳು ಮುಖ್ಯ, ಅವು ಬೇರೆ ಬೇರೆ ಜಾಗದಲ್ಲಿರಬೇಕು.

ಎರಡನೆಯ ಪಾಠ ಇನ್ನೂ ಮುಖ್ಯ. ಅಶೋಕನ ಕಾಲದ ಬ್ರಾಹ್ಮಿ ಲಿಪಿಯನ್ನು ಓದುವವರು ಕಾಲಕ್ರಮದಲ್ಲಿ ಇಲ್ಲವಾದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಮತ್ತೆ ಓದುವವರೆಗೆ ಆ ಅಕ್ಷರಗಳು ಕಣ್ಣೆದುರೇ ಇದ್ದೂ ಮೂಕವಾಗಿದ್ದವು. ಬರಹ ಉಳಿದರೆ ಸಾಲದು, ಓದುವ ದಾರಿಯೂ ಉಳಿಯಬೇಕು.

ಡಿವಿಡಿಗಳ ವಿಷಯದಲ್ಲಿ ನಾವೀಗ ಇರುವುದು ಅದೇ ಹಂತದಲ್ಲಿ. ವಿಸಿಆರ್ ಯಂತ್ರ ತಯಾರಿಸುತ್ತಿದ್ದ ಜಪಾನಿನ ಫುನೈ ಕಂಪನಿ 2016ರಲ್ಲಿ ಅದನ್ನು ನಿಲ್ಲಿಸಿತು. ಸೋನಿ ಕಂಪನಿ ಬರೆಯಬಲ್ಲ ಬ್ಲೂ-ರೇ ಡಿಸ್ಕ್ ಮತ್ತು ಮಿನಿ ಡಿವಿ ಕ್ಯಾಸೆಟ್‌ಗಳ ತಯಾರಿಕೆಯನ್ನು 2025ರ ಫೆಬ್ರುವರಿಗೆ ಮುಗಿಸಿತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವ್ ಕಾಣುವುದೇ ಅಪರೂಪ. ನಿಮ್ಮ ಡಿಸ್ಕ್ ಚೆನ್ನಾಗಿಯೇ ಇರಬಹುದು, ಹತ್ತು ವರ್ಷದ ನಂತರ ಅದನ್ನು ಓದುವ ಯಂತ್ರ ಎಲ್ಲಿ ಹುಡುಕುತ್ತೀರಿ?

ಹಾಗಾದರೆ ಈಗ ಏನು ಮಾಡಬೇಕು?

ಮೊದಲು ಎಣಿಸಿ. ಮನೆಯಲ್ಲಿ ಎಷ್ಟು ಡಿಸ್ಕ್, ಕ್ಯಾಸೆಟ್ ಇವೆ, ಯಾವುದರಲ್ಲಿ ಏನಿದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಬೇರೆಲ್ಲೂ ಸಿಗದವು ಮೊದಲು. ಸಿನಿಮಾ, ಕ್ರಿಕೆಟ್ ಆಮೇಲೆ ನೋಡಿದರಾಯಿತು. ತೀರಿಹೋದ ಹಿರಿಯರ ದನಿ ಇರುವುದಕ್ಕೆ ಮೊದಲ ಸರದಿ.

ರೆಕಾರ್ಡರ್ ಇನ್ನೂ ಓಡುತ್ತಿದ್ದರೆ ಅದರಲ್ಲಿ ಹೊಸದಾಗಿ ಏನೂ ರೆಕಾರ್ಡ್ ಮಾಡಬೇಡಿ. ಹಾರ್ಡ್ ಡಿಸ್ಕ್‌ನಲ್ಲಿರುವ ಮನೆಯ ವಿಡಿಯೊಗಳನ್ನು ಒಂದೊಂದಾಗಿ ಡಿವಿಡಿಗೆ ಇಳಿಸಿ. 'ಹೈ ಸ್ಪೀಡ್' ಪ್ರತಿ ಆಯ್ಕೆ ಇದ್ದರೆ ಅದನ್ನೇ ಬಳಸಿ. ಇದರಲ್ಲಿ ವಿಡಿಯೊವನ್ನು ಮತ್ತೆ ಕುಗ್ಗಿಸದೆ ಇದ್ದ ಹಾಗೆ ವರ್ಗಾಯಿಸುವುದರಿಂದ ಗುಣಮಟ್ಟ ಇಳಿಯುವುದಿಲ್ಲ. ಫೈನಲೈಸ್ ಮರೆಯಬೇಡಿ. ಯಂತ್ರದ ಸುತ್ತ ಗಾಳಿ ಆಡಲು ಜಾಗ ಬಿಡಿ, ಮೇಲೆ ಬಟ್ಟೆ ಹೊದಿಸಬೇಡಿ.

ಡಿವಿಡಿಯಿಂದ ಕಂಪ್ಯೂಟರಿಗೆ ತರಲು ಯುಎಸ್‌ಬಿ ವಯರಿನ ಬಾಹ್ಯ ಡಿವಿಡಿ ಡ್ರೈವ್ ಸಾಕು. ಡಿಸ್ಕ್ ತೆರೆದಾಗ ಕಾಣುವ 'ವಿಡಿಯೊ ಟಿಎಸ್' ಎಂಬ ಫೋಲ್ಡರನ್ನು ಪೂರ್ತಿಯಾಗಿ ನಕಲು ಮಾಡಿ. ವಿಎಲ್‌ಸಿಯಂಥ ಉಚಿತ ಪ್ಲೇಯರಿನಲ್ಲಿ ಅದು ಓಡುತ್ತದೆ. ನಕಲು ನಡುವೆ ನಿಂತರೆ ಡಿಸ್ಕ್ ಒರೆಸಿ ಮತ್ತೆ ಪ್ರಯತ್ನಿಸಿ, ಆಗದಿದ್ದರೆ ಬೇರೆ ಡ್ರೈವ್‌ನಲ್ಲಿ ನೋಡಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ನಮಗೆ ಅಜ್ಜಿಯ ಆ ಒಂದು ಹಾಡು ಸಿಕ್ಕಿದ್ದು ಮೂರನೆಯ ಡ್ರೈವ್‌ನಲ್ಲಿ.

ಆಮೇಲೆ ಪ್ರತಿಗಳು. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸರಳ ಸೂತ್ರ 3-2-1. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಒಂದು ಪ್ರತಿ ಸಿಂಧನೂರಿನ ಮನೆಯ ಬಾಹ್ಯ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಬೆಂಗಳೂರಿನಲ್ಲಿರುವ ಮಗಳ ಹಾರ್ಡ್ ಡಿಸ್ಕ್‌ನಲ್ಲಿ, ಮತ್ತೊಂದು ಇಂಟರ್ನೆಟ್ ಖಾತೆಯಲ್ಲಿ ಎಂದಿಟ್ಟುಕೊಳ್ಳಿ. ಹಾರ್ಡ್ ಡಿಸ್ಕ್‌ಗಳನ್ನು ವರ್ಷಕ್ಕೊಮ್ಮೆಯಾದರೂ ಜೋಡಿಸಿ ತೆರೆದು ನೋಡಿ, ಯುಗಾದಿಗೆ ಮನೆ ಸ್ವಚ್ಛ ಮಾಡುವಾಗ ಈ ಕೆಲಸವನ್ನೂ ಸೇರಿಸಿಕೊಳ್ಳಿ. ಪೆನ್‌ಡ್ರೈವ್ ಸಾಗಿಸಲು ಸರಿ, ವರ್ಷಗಟ್ಟಲೆ ಇಡಲು ಅದನ್ನೇ ನಂಬಬೇಡಿ.

ಇಂಟರ್ನೆಟ್ ಖಾತೆಯೂ ಶಾಶ್ವತವಲ್ಲ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಪಾಸ್‌ವರ್ಡ್ ಮನೆಯ ಇಬ್ಬರಿಗಾದರೂ ಗೊತ್ತಿರಲಿ.

ವಾಟ್ಸ್‌ಆ್ಯಪ್ ಬಗ್ಗೆ ಒಂದು ಮಾತು. ಅದರಲ್ಲಿ ವಿಡಿಯೊ ಆಗಿ ಕಳುಹಿಸಿದರೆ ಗಾತ್ರ ಕುಗ್ಗಿಸಿ ಗುಣಮಟ್ಟ ಇಳಿಸುತ್ತದೆ. 'ಡಾಕ್ಯುಮೆಂಟ್' ಆಗಿ ಕಳುಹಿಸಿದರೆ ಇದ್ದ ಹಾಗೇ ಹೋಗುತ್ತದೆ. ಗ್ರೂಪಿನಲ್ಲಿ ಹಂಚಿದ್ದೇ ಭದ್ರ ಪ್ರತಿ ಎಂದು ಮಾತ್ರ ತಿಳಿಯಬೇಡಿ, ಫೋನ್ ತುಂಬಿದಾಗ ಎಲ್ಲರೂ ಮೊದಲು ಅಳಿಸುವುದು ಅದನ್ನೇ.

ಕೆಟ್ಟ ಯಂತ್ರವನ್ನು ರಿಪೇರಿಗೆ ಕೊಡುವಾಗ ಈ ಒಂದು ವಾಕ್ಯ ಮರೆಯಬೇಡಿ: "ಒಳಗಿನ ಹಾರ್ಡ್ ಡಿಸ್ಕ್ ನಮಗೆ ಬೇಕು, ಫಾರ್ಮ್ಯಾಟ್ ಮಾಡಬೇಡಿ, ಬದಲಿಸಿದರೆ ಹಳೆಯದನ್ನು ವಾಪಸು ಕೊಡಿ." ನಾವು ಹೇಳದೇ ಬಿಟ್ಟ ವಾಕ್ಯ ಇದು.

ಸಾರಾಂಶ

ಮನೆಯಲ್ಲಿ ಬರೆದ ಡಿವಿಡಿ ನೂರು ವರ್ಷ ಬಾಳುತ್ತದೆ ಎಂದು ನಂಬಿ ಕೂರಬೇಡಿ. ಹಾರ್ಡ್ ಡಿಸ್ಕ್ ಸೂಚನೆ ಕೊಡದೆಯೂ ಕೆಡಬಹುದು. ಫೈನಲೈಸ್ ಆಗದ ಡಿಸ್ಕ್ ಖಾಲಿ ಡಿಸ್ಕ್ ಅಲ್ಲ. ಟೂತ್‌ಪೇಸ್ಟ್, ಫ್ರಿಜ್ ಎರಡೂ ಬೇಡ. ಒಂದೇ ಪ್ರತಿ ಇದ್ದರೆ ಅದು ಯಾವ ದಿನವಾದರೂ ಹೋಗಬಹುದು ಎಂದೇ ತಿಳಿಯಿರಿ.

ಈಗ ಅಜ್ಜಿಯ ಆ ಒಂದು ಹಾಡು ಲಿಂಗಸುಗೂರಿನಲ್ಲಿ, ಬೆಂಗಳೂರಿನಲ್ಲಿ ಮತ್ತು ನಮ್ಮ ಇಂಟರ್ನೆಟ್ ಖಾತೆಯಲ್ಲಿ ಇದೆ. ಉಳಿದೆರಡು ಹಾಡಿನ ಪದಗಳನ್ನು ನಮ್ಮ ಚಿಕ್ಕಮ್ಮ ನೆನಪಿನಿಂದ ಹೇಳಿ ಬರೆಸಿದ್ದಾರೆ. ರಾಗ ಅವರಿಗೂ ಪೂರ್ತಿ ನೆನಪಿಲ್ಲ. ಈ ಲೇಖನವನ್ನು ಫಾರ್ವರ್ಡ್ ಮಾಡುವುದಾದರೆ ಮಾಡಿ, ಆದರೆ ಅದಕ್ಕೂ ಮೊದಲು ಅಲ್ಮೇರಾದ ಆ ಡಬ್ಬಿಯನ್ನು ಒಮ್ಮೆ ತೆರೆಯಿರಿ.